ತಳಿವಿಜ್ಞಾನಿ ಲೂಕಾ ಕವಾಲಿ-ಸ್ಫೋರ್ಜಾ ಯಾಕೆ ಅಷ್ಟು ದೊಡ್ಡ ಹೆಸರು?
1922ರಲ್ಲಿ ಇಟಲಿಯ ಜಿನೋವಾದಲ್ಲಿ ಹುಟ್ಟಿದ ಇವರು ಓದಿದ್ದು ವೈದ್ಯಕೀಯ. ಮೊದಲು ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡಿ, ಆಮೇಲೆ ಮನುಷ್ಯರ ಜೀನ್‌ಗಳತ್ತ ತಿರುಗಿದರು.

ನನಗೆ ಜಾಸ್ತಿ ಇಷ್ಟವಾಗುವುದು 1950ರ ದಶಕದಲ್ಲಿ ಇಟಲಿಯ ಪಾರ್ಮಾ ಕಣಿವೆಯಲ್ಲಿ ಮಾಡಿದ ಕೆಲಸ. ಅಲ್ಲಿನ ಚರ್ಚುಗಳಲ್ಲಿ ಜನನ, ಮದುವೆ, ಸಾವಿನ ನೂರಾರು ವರ್ಷಗಳ ದಾಖಲೆ ಇತ್ತು. ಅದರ ಜೊತೆ ಊರಿನವರ ರಕ್ತದ ಗುಂಪುಗಳನ್ನು ಇಟ್ಟು ನೋಡಿದರು. ಬೆಟ್ಟದ ಸಣ್ಣ ಹಳ್ಳಿಗಳ ನಡುವೆ ವ್ಯತ್ಯಾಸ ಹೆಚ್ಚು, ಬಯಲಿನ ಊರುಗಳ ನಡುವೆ ಕಡಿಮೆ! ಜನ ಕಡಿಮೆ ಇದ್ದಲ್ಲಿ ಯಾವ ಜೀನ್ ಉಳಿಯುತ್ತದೆ ಎಂಬುದರಲ್ಲಿ ಆಕಸ್ಮಿಕದ ಪಾಲು ದೊಡ್ಡದು ಅಂತ ಇದರಿಂದ ಗೊತ್ತಾಯಿತು.

ಮುಂದೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸೇರಿದರು. ಯುರೋಪಿನಲ್ಲಿ ಬೇಸಾಯ ಹರಡಿದ್ದು ರೈತರೇ ವಲಸೆ ಬಂದದ್ದರಿಂದ ಎಂದು ವಾದಿಸಿದರು. ಹಳೆಯ ಮೂಳೆಗಳ ಡಿಎನ್‌ಎ ಆ ಮಾತನ್ನು ಬಹುಮಟ್ಟಿಗೆ ಎತ್ತಿಹಿಡಿದಿದೆ.