ಸ್ಟ್ರಾಬೆರಿ ಸೊರಗಿದರೆ ಮೊದಲು ಬುಡ ಸೀಳಿ ನೋಡಿ

ಕೊಪ್ಪದ ಸರ್, ಈ ಗುಂಪಿನಲ್ಲಿ ನೀವು ಹಾಕಿದ ಸ್ಟ್ರಾಬೆರಿ ಗಿಡದ ಫೋಟೊ ನೋಡಿ ಸುಮ್ನೆ ಇರಲು ಆಗಲಿಲ್ಲ. ಗಿಡ ಮಧ್ಯಾಹ್ನ ಸೊರಗುತ್ತದೆ, ಸಂಜೆಗೆ ಸ್ವಲ್ಪ ಚೇತರಿಸಿಕೊಳ್ಳುತ್ತದೆ, ಅದಕ್ಕೆ ದಿನಕ್ಕೆರಡು ಸಲ ನೀರು ಬಿಡುತ್ತಿದ್ದೇನೆ, ಮೂರು ಸಲ ಸಾಫ್ ಅನ್ನುವ ಶಿಲೀಂಧ್ರನಾಶಕ ಹೊಡೆದೆ ಅಂತ ಬರೆದಿದ್ದೀರಿ. ಮೊದಲು ಹೋಗಿ ಡ್ರಿಪ್ ವಾಲ್ವ್ ಬಂದ್ ಮಾಡಿ ಬನ್ನಿ. ಮಿಕ್ಕಿದ್ದು ಆಮೇಲೆ ಓದಿ.

ನಾನೂ ಇದನ್ನೇ ಮಾಡಿ ಕೈ ಸುಟ್ಟುಕೊಂಡವಳು. ನಮ್ಮದು ಚಿಕ್ಕಬಳ್ಳಾಪುರದ ಹತ್ತಿರ. ಮೊದಲ ವರ್ಷ ಎರಡು ಗುಂಟೆಗೆ 1,200 ರನ್ನರ್ (ತಾಯಿ ಗಿಡದ ಹಂಬಿನಲ್ಲಿ ಬರುವ ಸಸಿ) ತರಿಸಿ ಸೆಪ್ಟೆಂಬರ್ ಕೊನೆಗೆ ನೆಟ್ಟೆವು. ತಿಂಗಳು ತುಂಬುವಷ್ಟರಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಸೊರಗಿತು. ನೀರು ಸಾಲುತ್ತಿಲ್ಲ ಅಂದುಕೊಂಡೆ. ಗೊಬ್ಬರದ ಅಂಗಡಿಯವರು ಕೊಟ್ಟ ಮೂರು ಬಗೆಯ ಪುಡಿ ತಂದು ಎಲೆಗೆ ಹೊಡೆದೆ. ಒಂದು ದಿನ ನಮ್ಮತ್ತೆ ಸೊರಗಿದ ಗಿಡವೊಂದನ್ನು ಹಿಡಿದು ಎಳೆದರು. ಮೇಲಿನ ಭಾಗ ಕೈಗೆ ಬಂತು, ಬೇರು ಮಣ್ಣಲ್ಲೇ ಉಳಿಯಿತು. "ಇದು ಬಾಯಾರಿ ಸತ್ತಿದ್ದಲ್ಲಮ್ಮ, ಕುಡಿದು ಕುಡಿದು ಸತ್ತಿದ್ದು" ಅಂದರು. ಡಿಸೆಂಬರ್‌ಗೆ ನಮ್ಮ ಹತ್ತಿರ ಉಳಿದದ್ದು 500 ಗಿಡವೂ ಇಲ್ಲ.

ಅವತ್ತಿನಿಂದ ನನ್ನದು ಒಂದೇ ಪದ್ಧತಿ. ಎಲೆ ನೋಡಿ ಔಷಧಿ ತರುವುದಿಲ್ಲ. ಅರ್ಧ ಸೊರಗಿದ ಗಿಡ ಒಂದನ್ನು ಬೇರುಸಮೇತ ಅಗೆದು, ತೊಳೆದು, ಬುಡವನ್ನು, ಅಂದರೆ ಬೇರಿಗೂ ಎಲೆಗೂ ನಡುವಿನ ದಪ್ಪ ಭಾಗವನ್ನು, ಬ್ಲೇಡಿನಿಂದ ಉದ್ದಕ್ಕೆ ಸೀಳುತ್ತೇನೆ. ಪೂರ್ತಿ ಒಣಗಿದ ಗಿಡ ಬೇಡ, ಅದರಲ್ಲಿ ಎಲ್ಲ ಕಂದಾಗಿರುತ್ತದೆ, ಏನೂ ತಿಳಿಯುವುದಿಲ್ಲ.

ಒಳಗೆ ಬೆಳ್ಳಗಿದ್ದರೆ ಬುಡ ಚೆನ್ನಾಗಿದೆ. ಇಟ್ಟಿಗೆ ಬಣ್ಣದ ಕಲೆ, ನಡುವೆ ಬಿಳಿ ಗೆರೆ ಇದ್ದರೆ ಚಿಬ್ಬು ರೋಗ (ಆಂಥ್ರಾಕ್ನೋಸ್ ಅನ್ನುವ ಶಿಲೀಂಧ್ರ ರೋಗ) ಬುಡಕ್ಕೆ ಇಳಿದಿದೆ ಅಂತ ಅನುಮಾನಿಸಿ. ಪೂರ್ತಿ ಕಂದು, ಎಳೆದರೆ ಬುಡದಲ್ಲೇ ಮುರಿದು ಬಂದರೆ ಹೆಚ್ಚಾಗಿ ಫೈಟಾಪ್ತೊರಾ, ಅಂದರೆ ಒದ್ದೆ ಮಣ್ಣಲ್ಲಿ ಹಬ್ಬುವ ಕೊಳೆರೋಗದ ರೋಗಾಣು. ಮಲೆನಾಡಿನವರಾದ ನಿಮಗೆ ಇದು ಹೊಸದೇನಲ್ಲ. ಅಡಿಕೆಯ ಕೊಳೆರೋಗ, ಕಾಳುಮೆಣಸಿನ ಶೀಘ್ರ ಸೊರಗು ರೋಗ, ಎಲ್ಲ ಅದೇ ಕುಲ. ಬುಡ ಬೆಳ್ಳಗಿದ್ದೂ ಗಿಡ ಸೊರಗುತ್ತಿದ್ದರೆ ಬೇರನ್ನು ಸೀಳಿ. ನಡುವಿನ ನಾರು ಕೆಂಪಗಿದ್ದರೆ ಅದೂ ಫೈಟಾಪ್ತೊರಾದ ಇನ್ನೊಂದು ಜಾತಿ. ಬೇರುಗಳೇ ಇಲ್ಲ, ಕಡಿದ ಹಾಗಿದೆ ಅಂದರೆ ರೋಗವಲ್ಲ, ಗೊಣ್ಣೆಹುಳು. ಸರಿಯಾಗಿ ಕಳಿಯದ ಕೊಟ್ಟಿಗೆ ಗೊಬ್ಬರ ಹಾಕಿದವರಿಗೆ ಇದು ಉಚಿತವಾಗಿ ಸಿಗುತ್ತದೆ.

ಈಗ ಸಾಫ್ ವಿಷಯ. ಈ ಗುಂಪಿನಲ್ಲಿ ಏನು ಕೇಳಿದರೂ ಸಾಫ್ ಅನ್ನುವವರು ಜಾಸ್ತಿ. ಅದು ಕೆಟ್ಟ ಔಷಧಿ ಅಂತ ನಾನು ಹೇಳುತ್ತಿಲ್ಲ. ಆದರೆ ಅದರಲ್ಲಿರುವ ಕಾರ್ಬೆಂಡಜಿಮ್ ಫೈಟಾಪ್ತೊರಾವನ್ನು ಮುಟ್ಟುವುದೇ ಇಲ್ಲ. ಜೊತೆಗಿರುವ ಮ್ಯಾಂಕೋಜೆಬ್ ಎಲೆಯ ಮೇಲೆ ಕಾವಲು ಕೂರುತ್ತದೆ ಅಷ್ಟೇ, ಬುಡದೊಳಗೆ ಇಳಿಯುವುದಿಲ್ಲ. ಮೂರು ಸಲವೂ ದುಡ್ಡು ದಂಡ. ಫೈಟಾಪ್ತೊರಾ ಆಗಿದ್ದರೆ ಅಲಿಯೆಟ್ ಅಥವಾ ರಿಡೊಮಿಲ್ ಅನ್ನುವ ಔಷಧಿಯನ್ನು ಲೀಟರಿಗೆ 2 ಗ್ರಾಂ ಲೆಕ್ಕದಲ್ಲಿ ಬುಡಕ್ಕೆ ಸುರಿಯುತ್ತೇವೆ. ನನಗೆ ಅಲಿಯೆಟ್ ಮೇಲೇ ನಂಬಿಕೆ. ಅದೂ ಹೂ ಬರುವ ಮೊದಲು, ಪ್ಯಾಕೆಟ್ ಮೇಲಿರುವುದನ್ನು ಓದಿ. ಚಿಬ್ಬು ರೋಗವಾದರೆ ಇವೆರಡನ್ನು ನಂಬಿ ಕೂರಬೇಡಿ. ಬುಡ ಕೊಳೆತ ಗಿಡ ಮಾತ್ರ ಯಾವುದಕ್ಕೂ ಬದುಕುವುದಿಲ್ಲ. ಸುತ್ತಲಿನ ಮಣ್ಣಿನ ಸಮೇತ ತೆಗೆದು ಆಚೆ ಹಾಕಿ. ಗೊಬ್ಬರದ ಗುಂಡಿಗೆ ದಯವಿಟ್ಟು ಬೇಡ.

ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ) ಹಾಕಿ ಅಂತ ಮೇಲೊಬ್ಬರು ಹೇಳಿದ್ದಾರೆ. ಒಳ್ಳೆಯದೇ, ಆದರೆ ಅದು ರೋಗ ಬರುವ ಮೊದಲು ಮಾಡುವ ಕೆಲಸ. ನಾನು ನೆಡುವಾಗ ಲೀಟರಿಗೆ 10 ಗ್ರಾಂ ಕಲಸಿ ಬೇರನ್ನು ಅರ್ಧ ಗಂಟೆ ಅದ್ದುತ್ತೇನೆ. ಇವತ್ತು ಟ್ರೈಕೋಡರ್ಮಾ, ನಾಳೆ ಕಾರ್ಬೆಂಡಜಿಮ್ ಸುರಿದರೆ ನೀವೇ ಸಾಕಿದ್ದನ್ನು ನೀವೇ ಕೊಂದ ಹಾಗೆ.

ಇನ್ನೊಂದು, ನಿಮ್ಮ ಎರಡನೇ ಫೋಟೊದಲ್ಲಿ ಬುಡ ಕಾಣುತ್ತಲೇ ಇಲ್ಲ. ಚಿಗುರು ಮಣ್ಣಲ್ಲಿ ಹೂತಿದೆ. ಬೇರು ಮಣ್ಣೊಳಗೆ, ಚಿಗುರು ಮಣ್ಣಿನ ಮೇಲೆ, ಬುಡದ ಅರ್ಧಕ್ಕೆ ಮಣ್ಣು ಬರಬೇಕು. ಬೆಡ್ ಒಂದು ಗೇಣಾದರೂ ಎತ್ತರ ಬೇಕು, ನಿಮ್ಮ ಮಳೆಗೆ ಅದೂ ಸಾಲದು. ಮತ್ತೆ ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿ ಬೆಳೆದ ಜಾಗದಲ್ಲಿ ಮರುವರ್ಷವೇ ಸ್ಟ್ರಾಬೆರಿ ಬೇಡ. ನಮ್ಮ ಕಡೆ ಟೊಮೆಟೊ ಬೆಳೆಯದ ಜಾಗ ಹುಡುಕುವುದೇ ಕಷ್ಟ. ಅದಕ್ಕೆ ನಾನು ಏಪ್ರಿಲ್, ಮೇ ತಿಂಗಳಲ್ಲಿ ಮಣ್ಣು ನೆನೆಸಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಐದಾರು ವಾರ ಬಿಸಿಲಿಗೆ ಬಿಡುತ್ತೇನೆ.

ಎಲೆಯ ಮೇಲೆ ನೇರಳೆ ಅಂಚು, ನಡುವೆ ಬಿಳಿ ಚುಕ್ಕೆ ಕಾಣುತ್ತಿದೆಯಲ್ಲ, ಅದು ಎಲೆಚುಕ್ಕೆ. ಅದಕ್ಕೆ ನಿದ್ದೆಗೆಡಬೇಡಿ. ಹಳೆ ಎಲೆ ಕಿತ್ತು ಗಾಳಿ ಆಡಲು ಬಿಟ್ಟರೆ ಅರ್ಧ ಕೆಲಸ ಮುಗಿಯಿತು. ಎಲೆ ಅಂಚು ಮೇಲಕ್ಕೆ ಮಡಚಿ ಚಮಚದ ಹಾಗಾದರೆ ತಿರುಗಿಸಿ ನೋಡಿ, ಅಡಿಯಲ್ಲಿ ಬಿಳಿ ಪುಡಿ ಇದ್ದರೆ ಬೂದಿ ರೋಗ. ಅದಕ್ಕೆ ಗಂಧಕ ಸಾಕು. ಆದರೆ ಸುಡುಬಿಸಿಲಲ್ಲಿ ಹೊಡೆಯಬೇಡಿ. ಬೇವಿನೆಣ್ಣೆ ಹೊಡೆದು ಎರಡು ವಾರವಾದರೂ ಆಗಿರಬೇಕು. ಮೇಲೊಬ್ಬರು ಎರಡನ್ನೂ ಕಲಸಿ ಹೊಡೆಯಿರಿ ಅಂದಿದ್ದಾರೆ. ಅಯ್ಯೋ, ಎಲೆ ಸುಟ್ಟು ಹೋಗುತ್ತದೆ.

ಹಣ್ಣಿನ ಮೇಲೆ ಬೂದುಬಣ್ಣದ ಬೂಷ್ಟು ಬೇರೆಯೇ ರೋಗ. ಅದು ಹೂವಿದ್ದಾಗಲೇ ಸೇರಿಕೊಂಡು ಹಣ್ಣಾಗುವಾಗ ಮುಖ ತೋರಿಸುತ್ತದೆ. ಕೆಟ್ಟ ಹಣ್ಣನ್ನು ಗಿಡದಲ್ಲೇ ಬಿಡಬೇಡಿ, ಮೇಲಿಂದ ನೀರು ಚಿಮುಕಿಸಬೇಡಿ, ಹಣ್ಣು ಮಣ್ಣಿಗೆ ತಾಗದಂತೆ ಶೀಟ್ ಇಲ್ಲವೇ ಭತ್ತದ ಹುಲ್ಲು ಹಾಸಿ. ಎರಡು ದಿನಕ್ಕೊಮ್ಮೆ ಹಣ್ಣು ಕೊಯ್ದು ಮಕ್ಕಳಿಗೆ ಕೊಡುವಾಗ ಔಷಧಿ ಹೊಡೆಯುವ ಮಾತೇ ಬೇಡ, ಅಲ್ವಾ?

ಡಿಸೆಂಬರ್ ದಾಟಿದ ಮೇಲೆ ಎಲೆ ಕಂಚಿನ ಬಣ್ಣಕ್ಕೆ ತಿರುಗಿದರೆ ಬಿಳಿ ಕಾಗದದ ಮೇಲೆ ಕೊಡವಿ. ಚುಕ್ಕೆಗಳು ಓಡಾಡಿದರೆ ನುಸಿ. ರೋಗದ ಔಷಧಿ ಅದಕ್ಕೆ ಲೆಕ್ಕವೇ ಅಲ್ಲ.

ಕೊನೆಗೆ, ಉಳಿದ ಗಿಡದ ರನ್ನರ್ ಹಂಚುತ್ತೇನೆ ಅಂದಿದ್ದೀರಲ್ಲ, ಈ ವರ್ಷ ಯಾರಿಗೂ ಕೊಡಬೇಡಿ. ಚಿಬ್ಬು ರೋಗ ಹೊರಗೆ ಏನೂ ತೋರಿಸದೆ ರನ್ನರ್ ಒಳಗೇ ಕೂತಿರುತ್ತದೆ. ನಾಳೆ ಬೆಳಿಗ್ಗೆ ಎರಡು ಗಿಡ ಸೀಳಿ, ಹಗಲು ಬೆಳಕಲ್ಲಿ ಫೋಟೊ ತೆಗೆದು ಇಲ್ಲೇ ಹಾಕಿ. ಫ್ಲ್ಯಾಶ್ ಬೇಡ, ಕಂದು ಬಣ್ಣ ಸರಿಯಾಗಿ ಬರುವುದಿಲ್ಲ.