ದ್ವೀಪಗಳು ಒಂದಾಗದೆಯೂ ಒಟ್ಟಾಗಿರುವುದು ಹೇಗೆ

ಕೆರಿಬಿಯನ್‌ನ ಪುಟ್ಟ ದ್ವೀಪಗಳು ಒಂದೇ ದೇಶವಾಗುವುದನ್ನು ಬಿಟ್ಟು ಒಕ್ಕೂಟ ಕಟ್ಟಿಕೊಂಡದ್ದೇಕೆ ಎಂದು ತಾವು ಕೇಳಿದ್ದೀರಿ. ಒಂದೇ ದೇಶವಾಗುವ ಪ್ರಯತ್ನವೂ ನಡೆದಿತ್ತು: 1958ರಲ್ಲಿ ಹುಟ್ಟಿದ ವೆಸ್ಟ್ ಇಂಡೀಸ್ ಫೆಡರೇಷನ್‌ನಿಂದ ಹೊರಬರಲು ಜಮೈಕಾದ ಜನ 1961ರ ಜನಮತಗಣನೆಯಲ್ಲಿ ತೀರ್ಮಾನಿಸಿದರು, ಮರುವರ್ಷವೇ ಅದು ಮುರಿದುಬಿತ್ತು. ದೊಡ್ಡ ದ್ವೀಪಗಳು ತಮ್ಮ ದಾರಿ ಹಿಡಿದವು. ಉಳಿದ ಸಣ್ಣವು 1981ರಲ್ಲಿ ಬಾಸೆಟೆರ್ ಒಪ್ಪಂದದ ಮೂಲಕ ಪೂರ್ವ ಕೆರಿಬಿಯನ್ ರಾಷ್ಟ್ರಗಳ ಸಂಘಟನೆಯನ್ನು ಕಟ್ಟಿದವು. ಅದರ ಏಳು ಪೂರ್ಣ ಸದಸ್ಯರ ಒಟ್ಟು ಜನಸಂಖ್ಯೆ ನಮ್ಮ ಹಾಸನ ಜಿಲ್ಲೆಯ ಅರ್ಧದಷ್ಟೂ ಇಲ್ಲ.

ನನ್ನ ದೃಷ್ಟಿಯಲ್ಲಿ ಅವರ ಅತ್ಯುತ್ತಮ ಕೆಲಸ ಔಷಧಿ ಖರೀದಿ. ಸಕಲೇಶಪುರದ ಕಡೆ ಹತ್ತು ಮೂಟೆ ಚೆರಿ ಕಾಫಿ ಇಟ್ಟುಕೊಂಡ ಬೆಳೆಗಾರ ಒಬ್ಬನೇ ಹೋದರೆ ವ್ಯಾಪಾರಿ ಹೇಳಿದ್ದೇ ದರ. ಹತ್ತಾರು ಮನೆಯವರು ಸೇರಿ ಲಾರಿ ತುಂಬಿಸಿದರೆ ಮಾತಿನ ಧಾಟಿಯೇ ಬೇರೆ. ಕೊಳ್ಳುವವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಇವುಗಳಲ್ಲಿ ಒಂದಾದ ಡೊಮಿನಿಕಾ ತನಗೊಂದಕ್ಕೇ ಬೇಕಾದ ಇನ್ಸುಲಿನ್ ಕೊಳ್ಳಹೊರಟರೆ ಯಾವ ಕಂಪನಿಗೂ ದೊಡ್ಡ ಗಿರಾಕಿಯಲ್ಲ. ಆದ್ದರಿಂದ 1980ರ ದಶಕದಿಂದಲೂ ಎಲ್ಲರ ಬೇಡಿಕೆಯನ್ನು ಕೂಡಿಸಿ ಒಂದೇ ಟೆಂಡರ್ ಕರೆಯುತ್ತಾರೆ.

ನಾಣ್ಯವೂ ಒಂದೇ. ಅವರ ಡಾಲರ್ 1976ರಿಂದ ಅಮೆರಿಕದ ಡಾಲರಿಗೆ 2.70ರ ದರದಲ್ಲಿ ಸ್ಥಿರವಾಗಿ ನಿಂತಿದೆ. ನೂರರ ನೋಟಿನ ಮೇಲೆ ಸೇಂಟ್ ಲೂಸಿಯಾದ ಅರ್ಥಶಾಸ್ತ್ರಜ್ಞ ಆರ್ಥರ್ ಲೂಯಿಸ್ ಅವರ ಚಿತ್ರವಿದೆ. ಇಷ್ಟು ಕಾಲ ಅಲುಗಾಡದೆ ಉಳಿದದ್ದಕ್ಕೆ ಮುಖ್ಯ ಕಾರಣ, ಹಂಚಿಕೆಯ ಕೇಂದ್ರ ಬ್ಯಾಂಕಿನಿಂದ ಯಾವುದೇ ಒಂದು ಸರ್ಕಾರ ಮನಸ್ಸಿಗೆ ಬಂದಂತೆ ನೋಟು ಮುದ್ರಿಸಿಕೊಳ್ಳಲು ಸಾಧ್ಯವಿಲ್ಲದಿರುವುದು.

ಪರಸ್ಪರ ವ್ಯಾಪಾರ ಮಾತ್ರ ಹೆಚ್ಚು ಬೆಳೆದಿಲ್ಲ, ಏಕೆಂದರೆ ಪಕ್ಕದ ದ್ವೀಪದಲ್ಲೂ ಅದೇ ಬಾಳೆ, ಅದೇ ಪ್ರವಾಸೋದ್ಯಮ.