ಮೂಡಿಗೆರೆ ತೋಟದ ಸೈಟಿಗೆ ಎಂ-ಸ್ಯಾಂಡ್ ಸಾಗಿಸುವ ಬಗ್ಗೆ

ನಮಸ್ಕಾರ. ಮೂಡಿಗೆರೆ ಹತ್ತಿರ ತೋಟದೊಳಗೆ ಮನೆ ಕಟ್ಟುತ್ತಿದ್ದೀರಿ, ಏರು ಮಣ್ಣುದಾರಿ, ನಡುವೆ ಹಳೇ ಮೋರಿ. ಹತ್ತು ಚಕ್ರದ ಟಿಪ್ಪರಲ್ಲೇ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) ಮೇಲಕ್ಕೆ ತರಿಸಿದರೆ ಬಾಡಿಗೆ ಉಳಿಯುತ್ತಾ ಅಂತ ಕೇಳಿದ್ದೀರಿ. ದಯವಿಟ್ಟು ಆ ಆಸೆ ಬಿಡಿ. ಲೋಡ್ ಆದ ಅಂಥ ಗಾಡಿ ಒಟ್ಟು 28 ಟನ್ ಹತ್ತಿರ ತೂಗುತ್ತದೆ. ಮೋರಿ ಕುಸಿದರೆ ಅಕ್ಕಪಕ್ಕದ ತೋಟದವರಿಗೂ ದಾರಿ ಇರಲ್ಲ.

ದೊಡ್ಡ ಗಾಡಿಯನ್ನು ಟಾರ್ ರಸ್ತೆ ಪಕ್ಕದ ಗಟ್ಟಿ, ಸಮತಟ್ಟು ಜಾಗದಲ್ಲೇ ಖಾಲಿ ಮಾಡಿಸಿ. ಪಕ್ಕಕ್ಕೆ ಇಳಿಜಾರಿದ್ದರೆ ತೊಟ್ಟಿ ಎತ್ತಿದಾಗ ಗಾಡಿ ಉರುಳುತ್ತದೆ. ಮೇಲೆ ಕರೆಂಟ್ ತಂತಿ ಇದೆಯಾ ಅಂತಲೂ ನೋಡಿ. ಅಲ್ಲಿಂದ ಟ್ರ್ಯಾಕ್ಟರ್‌ನಲ್ಲಿ ಸಾಗಿಸಿ. 100 ಘನ ಅಡಿ ಮರಳೇ ನಾಲ್ಕೂವರೆ ಟನ್ ಹತ್ತಿರ, ಒದ್ದೆಯಾಗಿದ್ದರೆ ಇನ್ನೂ ಜಾಸ್ತಿ. ಹಾಗಾಗಿ ಟ್ರೈಲರ್ ಪೂರ್ತಿ ತುಂಬಿಸಬೇಡಿ. ಕಡಿದಾದ ಏರಿನಲ್ಲಿ ಭಾರ ಹಿಂದಕ್ಕೆ ಎಳೆದು ಟ್ರ್ಯಾಕ್ಟರ್‌ನ ಮುಂದಿನ ಚಕ್ರ ನೆಲ ಬಿಟ್ಟು ಏಳುತ್ತದೆ. ಆಗ ಸ್ಟೇರಿಂಗ್ ತಿರುಗಿಸಿದರೂ ಉಪಯೋಗವಿಲ್ಲ, ಡ್ರೈವರ್ ಜೀವಕ್ಕೇ ಅಪಾಯ.

ಕಂಬಿ ಸಾಮಾನ್ಯವಾಗಿ 12 ಮೀಟರ್ ಉದ್ದ ಇರುತ್ತದೆ, ತೋಟದ ತಿರುವಿನಲ್ಲಿ ನೇರವಾಗಿ ಹೋಗಲ್ಲ. ಬಾರ್ ಬೆಂಡರ್ (ಕಂಬಿ ಕತ್ತರಿಸಿ ಬಗ್ಗಿಸುವವರು) ಹತ್ತಿರ ಅಳತೆ ಬರೆಸಿಕೊಂಡು ಕೆಳಗೇ ಕತ್ತರಿಸಿಬಿಡಿ.

ಜೂನ್ ಮಳೆ ಹಿಡಿಯುವ ಮೊದಲೇ ಮರಳು, ಜಲ್ಲಿ, ಕಂಬಿ ಮೇಲೆ ಸೇರಿರಲಿ. ಸಿಮೆಂಟ್ ಮಾತ್ರ ಒಟ್ಟಿಗೆ ತರಿಸಬೇಡಿ, ಮಲೆನಾಡಿನ ಥಂಡಿಗೆ ಮೂಟೆಯಲ್ಲೇ ಗಟ್ಟಿಯಾಗುತ್ತದೆ. ಬೇಕಾದಷ್ಟೇ ಪಿಕಪ್‌ನಲ್ಲಿ ತರಿಸಿ, ಹಲಗೆ ಮೇಲೆ ಜೋಡಿಸಿಡಿ. ಶಿಫ್ಟಿಂಗ್ ಬಾಡಿಗೆ, ಇಳಿಸುವ ಕೂಲಿ ಎರಡನ್ನೂ ಮೊದಲೇ ಬೇರೆಬೇರೆಯಾಗಿ ಮಾತಾಡಿಕೊಳ್ಳಿ.